ಗಾಡಿಯ ಕೆಳಗೆ ಮಲಗಿ ನೋಡಿ

ಹೋದ ವಾರ ನನ್ನ ಅಕ್ಕನ ಮಗನ ಕರೆ ಬಂದಿತ್ತು. "ಮಾವ, ಊರಿಗೊಂದು ಫೋರ್‌ವೀಲ್ ಗಾಡಿ ತಗೊಳ್ಳೋಣ ಅಂತಿದೀನಿ. ಹೊಸದು ಕೈಗೆ ಎಟುಕೋದಿಲ್ಲ. ಸೆಕೆಂಡ್‌ಹ್ಯಾಂಡಲ್ಲಿ ಯಾವುದು ಒಳ್ಳೇದು, ಹೇಳಿ" ಎಂದ. ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಅವನು ಊರಿಗೆ ಬಂದು ಮೂರು ವರ್ಷಗಳಾದವು. ಮನೆಯಲ್ಲಿ ಅವನು, ಅವನ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಮೊಣಕಾಲು ನೋವಿನ ನನ್ನ ಅಕ್ಕ, ಹೀಗೆ ಐದು ಜನ. ಮನೆಯಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಕಡಿದಾದ ಏರು. ಹೊಸನಗರ ತಾಲ್ಲೂಕಿನ ಆ ಮೂಲೆಯ ಮಳೆಗಾಲವನ್ನು ಬಲ್ಲವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಸಂಜೆಯೇ ಅವನು ಒಂಬತ್ತು ಚಿತ್ರಗಳನ್ನು ಕಳುಹಿಸಿದ. ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ. ಹೊಳೆಯುವ ಬಣ್ಣ, ಕಪ್ಪು ಗಾಜು, ಹೊಸ ಸೀಟ್ ಕವರು. ಕೆಳಗಿನಿಂದ ತೆಗೆದ ಚಿತ್ರ ಮಾತ್ರ ಒಂದೂ ಇರಲಿಲ್ಲ. ಹುಡುಗನ ಭಾವಚಿತ್ರ ನೋಡಿಯೇ ಮದುವೆ ನಿಶ್ಚಯಿಸುತ್ತಿದ್ದ ಕಾಲ ಮುಗಿಯಿತೆಂದು ನಾನು ತಿಳಿದಿದ್ದೆ. ಗಾಡಿಗಳ ವಿಷಯದಲ್ಲಿ ಅದು ಈಗಷ್ಟೇ ಆರಂಭವಾದಂತಿದೆ!

ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾರಣ ಎರಡು. ಕಳೆದ ವರ್ಷ ಇದೇ ಪ್ರಶ್ನೆಯನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಕೇಳಿದ್ದರು. ಎರಡನೆಯದು, ಈ ವಿಷಯದಲ್ಲಿ ಸಲಹೆ ಕೊಡುವ ಯೋಗ್ಯತೆ ನನಗೆ ಬಂದದ್ದು ಜಾಣತನದಿಂದಲ್ಲ, ಒಂದು ದೊಡ್ಡ ತಪ್ಪಿನಿಂದ. ಆ ತಪ್ಪನ್ನು ಇಷ್ಟು ವರ್ಷ ನಾನು ಯಾರಲ್ಲಿಯೂ ಬಾಯಿಬಿಟ್ಟು ಹೇಳಿರಲಿಲ್ಲ.

2019ರ ಬೇಸಿಗೆಯಲ್ಲಿ ನನ್ನ ಭಾವ ಒಂದು ಹಳೆಯ ಡೀಸೆಲ್ ಜೀಪನ್ನು ಕೊಂಡರು. ಅದು 2008ರ ಗಾಡಿ. ಕೊಳ್ಳುವ ಮೊದಲು ನನ್ನನ್ನು ಕರೆದುಕೊಂಡು ಹೋಗಿದ್ದರು. "ನೀನು ವಿಜ್ಞಾನದ ಮೇಷ್ಟ್ರು, ನಿನಗಿಂತ ಚೆನ್ನಾಗಿ ಯಾರು ನೋಡ್ತಾರೆ" ಎಂದು ಅವರ ನಂಬಿಕೆ. ನಾನು ಬಾನೆಟ್ ಎತ್ತಿಸಿದೆ, ಎಂಜಿನ್ನಿನ ಸದ್ದನ್ನು ಕಿವಿಗೊಟ್ಟು ಕೇಳಿದೆ, ಹೊಗೆಯ ಬಣ್ಣ ನೋಡಿದೆ. ಎರಡು ಲಿವರುಗಳನ್ನೂ ಎಳೆದು ನೋಡಿದೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಬಿದ್ದವು. "ತಗೊಳ್ಳಿ ಭಾವ, ಅಡ್ಡಿಯಿಲ್ಲ" ಎಂದೆ. ಅಂದು ನಾನು ಬಿಳಿ ಪಂಚೆ ಉಟ್ಟಿದ್ದೆ. ನೆಲದ ಮೇಲೆ ಮಲಗಿ ಗಾಡಿಯ ಅಡಿಯನ್ನು ನೋಡುವ ಯೋಚನೆ ಬರಲೇ ಇಲ್ಲ. ಬಂದಿದ್ದರೂ ಪಂಚೆಯ ನೆನಪಾಗಿ ಸುಮ್ಮನಾಗುತ್ತಿದ್ದೆನೇನೋ.

ಆ ವರ್ಷದ ಆಗಸ್ಟ್ ಮೊದಲ ಎರಡು ವಾರಗಳ ಮಳೆ ಮಲೆನಾಡಿನವರಿಗೆ ನೆನಪಿದ್ದೇ ಇರುತ್ತದೆ. ಒಂದು ರಾತ್ರಿ ಹತ್ತೂವರೆಯ ಹೊತ್ತಿಗೆ ಭಾವನವರಿಗೆ ಎದೆನೋವು ಕಾಣಿಸಿಕೊಂಡಿತು. ನಾನು ಆಗ ಅಲ್ಲಿಯೇ ಇದ್ದೆ. ಜೀಪು ಓಡಿಸಲು ಬಲ್ಲ ಪಕ್ಕದ ಮನೆಯ ಹುಡುಗನನ್ನು ಕರೆದು, ಭಾವನವರನ್ನು ಹಿಂದೆ ಮಲಗಿಸಿಕೊಂಡು ಹೊರಟೆವು. ಹಳ್ಳದವರೆಗೆ ತೊಂದರೆಯಾಗಲಿಲ್ಲ. ಏರಿನಲ್ಲಿ ಹಿಂದಿನ ಚಕ್ರಗಳು ತಿರುಗಲಾರಂಭಿಸಿದವು. ಹುಡುಗ ಫೋರ್‌ವೀಲ್ ಹಾಕಿದ, ಲೋ ಗೇರ್ ಹಾಕಿದ. ಹಿಂದಿನ ಚಕ್ರಗಳು ಕೆಸರನ್ನು ತೋಡುತ್ತಾ ಹೋದವೇ ಹೊರತು ಗಾಡಿ ಮುಂದೆ ಸರಿಯಲಿಲ್ಲ. ನಾನು ಕೆಳಗಿಳಿದು ಟಾರ್ಚ್ ಹಿಡಿದು ನೋಡಿದೆ. ಮುಂದಿನ ಚಕ್ರಗಳು ಅಲುಗದೆ ನಿಂತಿದ್ದವು.

ಕೊನೆಗೆ ಅಕ್ಕಪಕ್ಕದ ಮನೆಗಳಿಂದ ಎಂಟು ಜನ ಬಂದರು. ಕುರ್ಚಿಗೆ ಅಡಿಕೆ ದಬ್ಬೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಭಾವನವರನ್ನು ಹೊತ್ತು ಡಾಂಬರು ರಸ್ತೆಗೆ ತಂದರು. ಅಲ್ಲಿಂದ ಬೇರೊಂದು ಕಾರು. ಆಸ್ಪತ್ರೆ ತಲುಪುವಾಗ ರಾತ್ರಿ ಎರಡು ಗಂಟೆ. ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿಗೆ ಹೆಚ್ಚು ಪೆಟ್ಟಾಗಿದೆ, ಇನ್ನೂ ಬೇಗ ಕರೆತರಬೇಕಾಗಿತ್ತು ಎಂದು ವೈದ್ಯರು ಹೇಳಿದರು. ಆಮೇಲೆ ಅವರು ತೋಟಕ್ಕೆ ಇಳಿದದ್ದು ಕಡಿಮೆ. 2022ರಲ್ಲಿ ತೀರಿಕೊಂಡರು.

ಆ ಘಟನೆಯಾಗಿ ಹತ್ತು ದಿನಗಳ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೂ ಈಗ ಪೇಟೆಯಲ್ಲಿ ಗ್ಯಾರೇಜ್ ನಡೆಸುವವನೂ ಆದ ಒಬ್ಬ ಹುಡುಗ (ಹುಡುಗನೇನು, ಅವನಿಗೂ ಐವತ್ತಾಗಿದೆ) ಜೀಪಿನ ಕೆಳಗೆ ತೂರಿ, ಒಂದೇ ನಿಮಿಷದಲ್ಲಿ ಹೊರಗೆ ಬಂದ. "ಸಾರ್, ಮುಂದಿನ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. ಬಿಚ್ಚಿಬಿಟ್ಟಿದಾರೆ" ಎಂದ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಕೊಳವೆ ಅದು. ಡೀಸೆಲ್ ಸ್ವಲ್ಪ ಉಳಿಯುತ್ತದೆ, ಸದ್ದು ಕಡಿಮೆಯಾಗುತ್ತದೆ, ಅದರ ಜಾಯಿಂಟುಗಳಿಗೆ ಗ್ರೀಸ್ ಹೊಡೆಯುವ ರಗಳೆ ತಪ್ಪುತ್ತದೆ ಎಂದು ಅದನ್ನು ಬಿಚ್ಚಿ ಮೂಲೆಗೆ ಎಸೆಯುವುದು ಬಹಳ ಹಳೆಯ ಪದ್ಧತಿಯಂತೆ. ಲಿವರ್ ತನ್ನ ಜಾಗದಲ್ಲೇ ಇರುತ್ತದೆ, ಎಳೆದರೆ ಬೀಳುತ್ತದೆ, ಒಳಗೆ ಗೇರು ಕೂಡಿಕೊಳ್ಳುತ್ತದೆ. ಆದರೆ ಆ ಶಕ್ತಿ ಎಲ್ಲಿಗೂ ಹೋಗುವುದಿಲ್ಲ.

ಭಾವನವರಿಗೆ ಇದು ತಿಳಿದಿತ್ತು. ಮನೆಯವರಿಗೆ ಅವರು ಹೇಳಿದ್ದು "ದಾರಿ ಕೊಚ್ಚಿ ಹೋಗಿತ್ತು" ಎಂದಷ್ಟೇ. ಜೀಪನ್ನು ನೋಡಿ ಒಪ್ಪಿದವನು ಯಾರು ಎಂಬ ಮಾತು ಒಮ್ಮೆಯೂ ಅವರ ಬಾಯಿಂದ ಬರಲಿಲ್ಲ. ಹೋದ ವಾರ ನಾನೇ ಅಕ್ಕನ ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, "ಮಾವ, ಹಾಗಾದ್ರೆ ಈ ಸಲ ಸರಿಯಾಗಿ ನೋಡಿ" ಎಂದ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ಡಿಫರೆನ್ಶಿಯಲ್ ಎಂದರೇನೆಂದು ನಾನು ಕಲಿಸಿದ್ದು ಈ ಪುಟ ಓದುವ ಕೆಲವರಿಗಾದರೂ ನೆನಪಿರಬೇಕು. ನನ್ನ ಮೊದಲ ಶಾಲೆ ಶಿಕಾರಿಪುರದ ಕಡೆಯದು. ಅಲ್ಲಿಯ ಮಕ್ಕಳು ಕಣದಲ್ಲಿ ಹಂತಿ ಹೂಡುವುದನ್ನು ನೋಡಿದ್ದರು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ಸಣ್ಣ ಹೆಜ್ಜೆ ಹಾಕುತ್ತದೆ; ಹೊರತುದಿಯ ಎತ್ತು ಓಡಬೇಕಾಗುತ್ತದೆ. ತಿರುವಿನಲ್ಲಿ ಗಾಡಿಯ ಚಕ್ರಗಳೂ ಹಾಗೆಯೇ: ಒಳಗಿನದು ಕಡಿಮೆ, ಹೊರಗಿನದು ಹೆಚ್ಚು ದೂರ ಉರುಳಬೇಕು. ಈ ವ್ಯತ್ಯಾಸಕ್ಕೆ ಅವಕಾಶ ಕೊಡುವ ಗೇರುಗಳ ಗಂಟೇ ಡಿಫರೆನ್ಶಿಯಲ್. ಆದರೆ ತಿರುವಿನಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆಯೂ ಅಂಥದೇ ವ್ಯತ್ಯಾಸವಿರುತ್ತದೆ. ಸಾಧಾರಣ ಜೀಪಿನಲ್ಲಿ ಫೋರ್‌ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಈ ಎರಡು ಜೋಡಿಗಳನ್ನು ಒಂದೇ ನೊಗಕ್ಕೆ ಬಿಗಿದಂತೆ ಬಿಗಿಯುತ್ತದೆ. ಕೆಸರಿನಲ್ಲಿ ಯಾವುದೋ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲದೆ ಗೇರುಗಳು, ಶಾಫ್ಟುಗಳು ಒಳಗೊಳಗೇ ತಿರುಚಿಕೊಳ್ಳುತ್ತವೆ. ಅದಕ್ಕಾಗಿಯೇ ಇಂಥ ಗಾಡಿಯನ್ನು ಡಾಂಬರಿನ ಮೇಲೆ ಫೋರ್‌ವೀಲಿನಲ್ಲಿ ಓಡಿಸಬಾರದು; ನಾಲ್ಕೂ ಟಯರುಗಳು ಒಂದೇ ಅಳತೆಯವು, ಸುಮಾರಾಗಿ ಒಂದೇ ಸವಕಳಿಯವು ಆಗಿರಬೇಕು. ಎರಡು ಹೊಸತು, ಎರಡು ಬೋಳು ಎಂಬ ಜೋಡಣೆ ಕಂಡರೆ, ಆ ಗಾಡಿಯ ಒಡೆಯನಿಗೆ ತನ್ನ ಗಾಡಿಯ ಪರಿಚಯವಿಲ್ಲವೆಂದೇ ಅರ್ಥ.

ಇಷ್ಟೆಲ್ಲವನ್ನೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿದವನು ಕೊಳವೆಯೊಂದು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಲಿಲ್ಲ!

ಇನ್ನು ಗಾಡಿಯ ಆಯ್ಕೆಯ ಮಾತು. ನನ್ನ ಅಭಿಪ್ರಾಯದಲ್ಲಿ, ಫೋರ್‌ವೀಲ್ ಬೇಕೆನ್ನುವವರಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿಲ್ಲ. ಶಿವಮೊಗ್ಗದಲ್ಲಿ ಮನೆ, ಭಾನುವಾರ ಸಿಗಂದೂರಿಗೋ ಹೊರನಾಡಿಗೋ ಹೋಗಿಬರುವ ಸಂಸಾರಕ್ಕೆ ಅದು ಬೇಸಿಗೆಯಲ್ಲಿ ಕಂಬಳಿಕೊಪ್ಪೆ ಹೊತ್ತಂತೆ. ಭಾರ ಹೆಚ್ಚು, ಇಂಧನ ಹೆಚ್ಚು, ಕೆಟ್ಟುಹೋಗಬಹುದಾದ ಭಾಗಗಳು ಹೆಚ್ಚು. ಅಂಥವರು ನೆಲದಿಂದ ಸ್ವಲ್ಪ ಎತ್ತರವಿರುವ ಸಾಮಾನ್ಯ ಕಾರನ್ನೇ ಕೊಳ್ಳಲಿ. ಅಕ್ಕನ ಮಗನಿಗೂ ಮೊದಲು ಹೇಳಿದ್ದು, "ಆ ಏರಿಗೆ ಎರಡೂ ಕಡೆ ಚರಂಡಿ ತೆಗೆಸು, ನಾಲ್ಕು ಲೋಡು ಜಲ್ಲಿ ಹಾಕಿಸು, ಗಾಡಿ ಆಮೇಲೆ" ಎಂದೇ. ನೀರು ಹರಿದುಹೋಗುವ ದಾರಿಯಲ್ಲಿ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಆದರೆ ಅವನ ಮನೆಗೆ ಮಾತ್ರ ಫೋರ್‌ವೀಲ್ ಬೇಕು. ಅದರಲ್ಲಿ ನನಗೆ ಸಂಶಯವಿಲ್ಲ.

ಯಾವುದು? ನಮ್ಮ ಕಡೆಯವರ ಬಾಯಲ್ಲಿ ಮೊದಲು ಬರುವುದು ಜೀಪು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿದ್ದರಿಂದ ಅದರ ವಂಶ ಬೆಳೆಯಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಲಾಖೆಯ ಸಾಹೇಬರು ಶಾಲೆ ತನಿಖೆಗೆ ಬರುತ್ತಿದ್ದುದೂ ಜೀಪಿನಲ್ಲಿಯೇ. ಗುಡ್ಡದ ತಿರುವಿನಲ್ಲಿ ಅದರ ಸದ್ದು ಕೇಳಿದ ಕೂಡಲೇ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ಸರಿಪಡಿಸಲು ತೊಡಗುತ್ತಿದ್ದರು! ಆಮೇಲೆ 1985ರಲ್ಲಿ ಮಾರುತಿಯವರ ಜಿಪ್ಸಿ ಬಂತು, 1996ರಿಂದ 1.3 ಲೀಟರಿನ ಪೆಟ್ರೋಲ್ ಎಂಜಿನ್ ಬಂದು ಗಟ್ಟಿಯಾಯಿತು, 2019ರವರೆಗೆ ತಯಾರಾಯಿತು. ಹಗುರ, ಸರಳ, ಎಲ್ಲಿ ಬೇಕಾದರೂ ಹತ್ತುವ ಗಾಡಿ. ಸೈನ್ಯದವರು ಸುಮ್ಮನೆ ಅದನ್ನು ಇಷ್ಟು ವರ್ಷ ಇಟ್ಟುಕೊಳ್ಳಲಿಲ್ಲ. ಆದರೆ ಅದು ಸಂಸಾರದ ಗಾಡಿಯಲ್ಲ. ಹಿಂದೆ ಎದುರುಬದುರಾಗಿ ಕೂರುವ ಬೆಂಚುಗಳು, ಕಮಾನು ಪಟ್ಟಿಯ ಕುಲುಕಾಟ. ಮೊಣಕಾಲು ನೋವಿನ ಎಪ್ಪತ್ತೆಂಟರ ಹೆಂಗಸನ್ನು ಹಿಂಬಾಗಿಲಿನಿಂದ ಹತ್ತಿಸುವುದು ನನಗೆ ಒಪ್ಪಿಗೆಯಿಲ್ಲ. ಪಕ್ಕಕ್ಕೆ ಮುಖಮಾಡಿ ಕೂತ ಮಕ್ಕಳು ಜೋರು ಬ್ರೇಕಿಗೆ ಎಲ್ಲಿಗೆ ಎಸೆಯಲ್ಪಡುತ್ತಾರೆಂದು ನ್ಯೂಟನ್ನಿನ ಮೊದಲ ನಿಯಮ ಕಲಿತವರು ತಾವೇ ಊಹಿಸಿಕೊಳ್ಳಬಹುದು. 2010ರಲ್ಲಿ ಬಂದ ಹಳೆಯ ಥಾರ್ ಗಾಡಿಗೂ ಇದೇ ಮಾತು. 2020ರ ಥಾರ್‌ನಲ್ಲಿ ಹಿಂದಿನ ಸೀಟುಗಳು ಮುಂದಕ್ಕೆ ಮುಖಮಾಡಿವೆ, ಗಟ್ಟಿಮುಟ್ಟಾಗಿಯೂ ಇದೆ. ಆದರೆ ಪಕ್ಕದಲ್ಲಿ ಎರಡೇ ಬಾಗಿಲು. ಮುಂದಿನ ಸೀಟನ್ನು ಮಡಿಸಿ ಅಕ್ಕ ಹಿಂದಕ್ಕೆ ತೂರುವುದನ್ನು ನೆನೆದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಈಗ ಸೆಕೆಂಡ್‌ಹ್ಯಾಂಡಿನಲ್ಲಿಯೂ ಸಿಗುತ್ತದೆ. ನಿಜವಾದ ಲೋ ಗೇರ್ ಇದೆ. ಎಲ್ಲ ಮಾದರಿಗಳೂ ಫೋರ್‌ವೀಲೇ ಆದ್ದರಿಂದ ಮೋಸಹೋಗುವ ಭಯವಿಲ್ಲ. ಆರು ಏರ್‌ಬ್ಯಾಗುಗಳೂ ಇವೆ. ನಾಲ್ವರ ಸಂಸಾರವಾದರೆ ಕಣ್ಣುಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ಅದಕ್ಕೆ ಸೀಟು ನಾಲ್ಕೇ, ನಮ್ಮವರು ಐವರು. ಯಾರನ್ನು ಬಿಟ್ಟುಹೋಗುವುದು?

ಡಸ್ಟರ್ ಬಗ್ಗೆ ಅವನಿಗೆ ಬಹಳ ಆಸೆಯಿತ್ತು. 2014ರಿಂದ ಕೆಲವು ವರ್ಷ ಅದರ ಡೀಸೆಲ್ ಮಾದರಿಯೊಂದರಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುತ್ತಿದ್ದರು. ಕೂರಲು ಸುಖ, ಹಿಂದಿನ ಚಕ್ರಗಳ ಸಸ್ಪೆನ್ಷನ್ ಚೆನ್ನಾಗಿದೆ, ಹಾಳುರಸ್ತೆಯಲ್ಲಿ ಅಕ್ಕನ ಬೆನ್ನಿಗೂ ಹಿತ. ಆದರೆ ಅದಕ್ಕೆ ಲೋ ಗೇರ್ ಪೆಟ್ಟಿಗೆ ಇಲ್ಲ. ಕಡಿದಾದ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಹೆಣಗಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಟೈಮಿಂಗ್ ಬೆಲ್ಟನ್ನು ಕಾಲಕಾಲಕ್ಕೆ ಬದಲಾಯಿಸಲೇಬೇಕು. ಅದು ಹರಿದರೆ ಎಂಜಿನ್ನಿಗೇ ಕುತ್ತು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಭಾಗಗಳು ನಮ್ಮ ಪೇಟೆಯ ಅಂಗಡಿಯಲ್ಲಿ ಸಿಗುವುದಿಲ್ಲ. ಮಾರಾಟವಾದ ಡಸ್ಟರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದವೇ. ಹಿಂದೆ ಅಂಟಿಸಿದ ಅಕ್ಷರಗಳನ್ನು ನಂಬುವ ಹಾಗಿಲ್ಲ, ಅವು ಅಂಗಡಿಯಲ್ಲಿ ಬಿಡಿಯಾಗಿಯೇ ದೊರೆಯುತ್ತವೆ! ಅಂದಹಾಗೆ, ಎತ್ತರವಾಗಿ ದಪ್ಪಗೆ ಕಾಣುವುದೆಲ್ಲ ಫೋರ್‌ವೀಲ್ ಎಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ಹಳೆಯ ಸಫಾರಿಯಲ್ಲಿ ಫೋರ್‌ವೀಲ್ ಮಾದರಿ ಇತ್ತು. 2021ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಸಫಾರಿಗೆ ಶಕ್ತಿ ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಹೆಸರು ಒಂದೇ ಆದರೂ ಗಾಡಿ ಬೇರೆ.

ಇಷ್ಟು ಸೋಸಿದ ಮೇಲೆ ಉಳಿದದ್ದು ಎರಡು: ಸಫಾರಿ ಸ್ಟಾರ್ಮ್ (2012ರಿಂದ 2019ರವರೆಗಿನದು) ಮತ್ತು ಸ್ಕಾರ್ಪಿಯೊ, ಎರಡರಲ್ಲಿಯೂ ಫೋರ್‌ವೀಲ್ ಮಾದರಿಗಳನ್ನೇ. ಎರಡೂ ಚಾಸಿಯ ಮೇಲೆ ಕೂರಿಸಿದ ಗಟ್ಟಿ ಗಾಡಿಗಳು, ಲೋ ಗೇರ್ ಇರುವವು, ನಾಲ್ಕು ಬಾಗಿಲಿನವು. ಪ್ರಯಾಣದ ಸುಖದಲ್ಲಿ ಸಫಾರಿ ಒಂದು ಕೈ ಮೇಲು. ಆದರೂ ನನ್ನ ಮತ ಸ್ಕಾರ್ಪಿಯೊಗೆ. ಕಾರಣ ಗಾಡಿಯಲ್ಲಿಲ್ಲ, ಪೇಟೆಯಲ್ಲಿದೆ. ನನ್ನ ಹಳೆಯ ವಿದ್ಯಾರ್ಥಿಯ ಗ್ಯಾರೇಜಿನಲ್ಲಿ ಯಾವ ದಿನ ಹೋದರೂ ಒಂದಾದರೂ ಸ್ಕಾರ್ಪಿಯೊ ಬಾನೆಟ್ ತೆರೆದು ನಿಂತಿರುತ್ತದೆ. "ಹಾಗಾದರೆ ಅದು ಹೆಚ್ಚು ಕೆಡುತ್ತದೆ ಎಂದಲ್ಲವೇ ಮಾವ?" ಎಂದು ಅಕ್ಕನ ಮಗ ಕೇಳಿದ. ಪ್ರಶ್ನೆ ಸರಿಯೇ. ಆದರೆ ಹಳೆಯ ಗಾಡಿ ಯಾವುದಾದರೂ ಕೆಡುತ್ತದೆ. ಕೆಟ್ಟ ಮರುದಿನ ಸರಿಯಾಗುವುದು ಯಾವುದು, ಭಾಗ ಬರುವವರೆಗೆ ಮೂರು ವಾರ ಮಳೆಯಲ್ಲಿ ನಿಲ್ಲುವುದು ಯಾವುದು ಎಂಬುದನ್ನು ಊರಿನ ಮೆಕ್ಯಾನಿಕ್ಕಿನಿಂದಲೇ ತಿಳಿಯಬೇಕು. ಗಾಡಿ ನೋಡುವ ಮೊದಲು ಅವನನ್ನು ಹೋಗಿ ನೋಡಿ. ಅವನ ಕೈಗೆ ಪಳಗಿದ ಗಾಡಿಯೇ ನಿಮಗೆ ನಂಬಿಕೆಯ ಗಾಡಿ. ಒಂದು ಎಚ್ಚರಿಕೆ ಮಾತ್ರ: ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೊವನ್ನು 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಒಂದು ನಕ್ಷತ್ರವೂ ಸಿಗಲಿಲ್ಲ. ಆದ್ದರಿಂದ ಏರ್‌ಬ್ಯಾಗ್ ಇರುವುದನ್ನೇ ಕೊಳ್ಳಬೇಕು. ಹಿಂದೆ ಪಕ್ಕದ ಬೆಂಚುಗಳಿದ್ದರೆ ಅಲ್ಲಿ ಮಕ್ಕಳನ್ನು ಕೂರಿಸಬಾರದು.

ಗಾಡಿ ಎಲ್ಲಿ ಬಾಳಿದೆ ಎಂಬುದನ್ನು ಅದು ಎಷ್ಟು ಓಡಿದೆ ಎಂಬುದಕ್ಕಿಂತ ಮೊದಲು ಕೇಳಬೇಕು. ಕಿಲೋಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ; ಕ್ಲಚ್ ಪೆಡಲಿನ ರಬ್ಬರು, ಸ್ಟೀರಿಂಗಿನ ಸವೆತ, ಚಾಲಕನ ಸೀಟಿನ ಅಂಚು ಇವು ಸುಳ್ಳು ಹೇಳುವುದಿಲ್ಲ. ಸಮುದ್ರದ ದಡದಲ್ಲಿ ಹತ್ತು ವರ್ಷ ನಿಂತ ಗಾಡಿಯ ಚಾಸಿಗೆ ಉಪ್ಪುಗಾಳಿಯ ತುಕ್ಕು ಹಿಡಿದಿರುತ್ತದೆ. ಮೇಲೆ ಬಳಿದ ಕಪ್ಪು ಬಣ್ಣವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರೆ ಸದ್ದಿನಲ್ಲಿಯೇ ತಿಳಿಯುತ್ತದೆ. ಪ್ರವಾಸಿಗರನ್ನು ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತಿಸಿ ಇಳಿಸಿದ ಗಾಡಿ ನಮಗೆ ಬೇಡ. ಕಾಫಿ ಎಸ್ಟೇಟಿನ ಗಾಡಿ ಗೀರು ಬಿದ್ದು ವಿಕಾರವಾಗಿದ್ದರೂ ಹಲವು ಸಲ ಒಳ್ಳೆಯದಿರುತ್ತದೆ, ಏಕೆಂದರೆ ಅಲ್ಲಿ ಫೋರ್‌ವೀಲ್ ಪ್ರತಿ ಮಳೆಗಾಲವೂ ಬಳಕೆಯಾಗಿರುತ್ತದೆ. ವಿಚಿತ್ರವೆಂದರೆ, ನಗರದಲ್ಲಿ ಮುದ್ದಾಗಿ ಸಾಕಿದ ಗಾಡಿಯಲ್ಲಿ ಎಂಟು ವರ್ಷ ಆ ಲಿವರನ್ನೇ ಮುಟ್ಟದೆ ಒಳಗಿನ ಭಾಗಗಳು ಜಾಮ್ ಆಗಿರುವುದುಂಟು. ಮತ್ತೆ 2018ರ ಆಗಸ್ಟಿನಲ್ಲಿ ಕೇರಳದಲ್ಲಿಯೂ ಕೊಡಗಿನಲ್ಲಿಯೂ ಆದ ನೆರೆಯಂಥವುಗಳಲ್ಲಿ ಮುಳುಗೆದ್ದ ಗಾಡಿಗಳು ಎಲ್ಲೆಲ್ಲೋ ಹಂಚಿಹೋಗಿವೆ. ಕಾಲಡಿಯ ಹಾಸನ್ನು ಎತ್ತಿ ನೋಡಿ. ಸೀಟಿನ ಕಂಬಿಗಳಲ್ಲಿ ತುಕ್ಕು, ಮೂಲೆಗಳಲ್ಲಿ ಒಣಗಿದ ಸಣ್ಣ ಮಣ್ಣು, ಕಮಟು ವಾಸನೆ ಇದ್ದರೆ ಚೌಕಾಸಿ ಮಾಡುವುದೂ ಬೇಡ, ಎದ್ದು ಬನ್ನಿ.

ನೋಡಲು ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ಮಾರುವವನು ನೀವು ಬರುವ ಮೊದಲೇ ಗಾಡಿಯನ್ನು ಚಾಲೂ ಮಾಡಿದ್ದಾನೆ. ಆರುವವರೆಗೆ ಕಾಫಿ ಕುಡಿಯುತ್ತಾ ಕಾಯಿರಿ. ತಣ್ಣಗಿನ ಎಂಜಿನ್ನು ಮೊದಲ ಸಲ ಚಾಲೂ ಆಗುವಾಗಲೇ ತನ್ನ ರೋಗವನ್ನು ತೋರಿಸುತ್ತದೆ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ. ಆಮೇಲೆ ಹಳೆಯ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿ. ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಒಂದು, ಹಿಂದಕ್ಕೆ ಒಂದು, ಹೀಗೆ ಎರಡು ಶಾಫ್ಟುಗಳು ಇವೆಯೇ? ಇದ್ದರೆ ಕೈಯಿಂದ ಹಿಡಿದು ತಿರುಚಿ ನೋಡಿ, ಜಾಯಿಂಟುಗಳಲ್ಲಿ ಕಟಕಟ ಆಟವಿರಬಾರದು. ಮುಂದಿನ ಚಕ್ರಗಳ ಬಳಿಯ ರಬ್ಬರ್ ಬೂಟುಗಳು ಹರಿದಿರಬಾರದು. ಡಿಫರೆನ್ಶಿಯಲ್ಲಿನ ಆಯಿಲನ್ನು ಮೆಕ್ಯಾನಿಕ್ಕಿನಿಂದ ಸ್ವಲ್ಪ ಹೊರತೆಗೆಸಿ. ಹಾಲು ಬೆರೆಸಿದ ಚಹದಂತೆ ಕಂಡರೆ ಹಳ್ಳದ ನೀರು ಒಳಹೊಕ್ಕಿದೆ ಎಂದರ್ಥ. ಚಾಸಿಯಲ್ಲಿ ಹೊಸ ವೆಲ್ಡಿಂಗ್ ಗುರುತುಗಳಿವೆಯೇ, ಅದರ ಮೇಲೆ ಕೊರೆದ ಸಂಖ್ಯೆ ಆರ್‌.ಸಿ.ಯಲ್ಲಿರುವುದೇ ಹೌದೇ ಎಂದು ನೋಡಿ. ಕೊನೆಗೆ ಗಾಡಿಯನ್ನು ಕೆಸರಿರುವ ಕಡೆಗೆ ಒಯ್ದು ಫೋರ್‌ವೀಲ್ ಹಾಕಿಸಿ, ನೀವು ಹೊರಗೆ ನಿಂತು ಮುಂದಿನ ಚಕ್ರಗಳು ಎಳೆಯುವುದನ್ನು ಕಣ್ಣಾರೆ ಕಾಣಿರಿ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು ಎಂಬುದು ಸಾಲದು. ಲಿವರ್ ಬಿತ್ತು ಎಂಬುದಂತೂ ಸಾಲದೇ ಸಾಲದು. "ಇಲ್ಲಿ ಕೆಸರೆಲ್ಲಿದೆ ಸಾರ್" ಎಂದು ಮಾರುವವನು ನಕ್ಕರೆ, ಮಳೆ ಬಂದ ಮೇಲೆ ಬರುತ್ತೇವೆಂದು ಹೇಳಿ.

ಕಾಗದಪತ್ರಗಳ ವಿಷಯದಲ್ಲಿ ನಮ್ಮವರ ಉದಾಸೀನ ಹೇಳತೀರದು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಗಳಿಗೆ. ಆಮೇಲೆ ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಬೇಕು. (ಭಾವನವರ ಜೀಪು 2023ರಲ್ಲಿ ಆ ಗಡಿ ದಾಟಿ ಈಗ ಅಡಿಕೆ ಚಪ್ಪರದ ಪಕ್ಕದಲ್ಲಿ ನಿಂತಿದೆ.) ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ವಿರುದ್ಧ 2015ರಲ್ಲಿ ಹಸಿರು ನ್ಯಾಯಮಂಡಳಿಯ ಆದೇಶ ಬಂದಂದಿನಿಂದ ಅಲ್ಲಿಯ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತಿವೆ. ಆದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟುವ ಹೊತ್ತಿಗೆ ಆ ಅಗ್ಗ ಕರಗಿಹೋಗುತ್ತದೆ. ಸಾಲ ತೀರಿದೆಯೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಪತ್ರವೂ ನಮೂನೆ 35ರ ಮೇಲೆ ಬ್ಯಾಂಕಿನ ಸಹಿಯೂ ಬೇಕು. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿ ಪೆಟ್ಟಿಗೆಯಲ್ಲಿಟ್ಟು ಮರೆಯುವವರು ನಮ್ಮಲ್ಲಿ ಎಷ್ಟು ಮಂದಿ! ಕೊಂಡವರಿಗಿಂತ ಮಾರಿದವರಿಗೇ ಅದರಿಂದ ಅಪಾಯ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಿಮೆಯನ್ನೂ ಕೂಡಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಹಣದ ಬಗ್ಗೆ ಒಂದೇ ಮಾತು: ಕೈಯಲ್ಲಿರುವುದನ್ನೆಲ್ಲ ಗಾಡಿಗೇ ಸುರಿಯಬೇಡಿ. ಐದರಲ್ಲೊಂದು ಪಾಲನ್ನಾದರೂ ಉಳಿಸಿಕೊಂಡು, ತಂದ ವಾರವೇ ಎಲ್ಲ ಆಯಿಲುಗಳನ್ನೂ ಬೆಲ್ಟುಗಳನ್ನೂ ಬದಲಾಯಿಸಿ, ನಾಲ್ಕು ಒಳ್ಳೆಯ ಟಯರುಗಳನ್ನು ಹಾಕಿಸಿ. ಬೋಳು ಟಯರಿನ ಫೋರ್‌ವೀಲಿಗಿಂತ ಹೊಸ ಟಯರಿನ ಸಾಮಾನ್ಯ ಗಾಡಿಯೇ ಕೆಸರಿನಲ್ಲಿ ಮೇಲು. ಜೋರು ಮಳೆಗಾಲಕ್ಕೆ ಚಕ್ರಗಳಿಗೆ ಕಟ್ಟುವ ಸರಪಳಿ ಒಂದು ಜೊತೆ ಗಾಡಿಯಲ್ಲಿಯೇ ಇರಲಿ. ತಿಂಗಳಿಗೊಮ್ಮೆ, ಬೇಸಿಗೆಯಲ್ಲಿಯೂ, ಮಣ್ಣಿನ ದಾರಿಯಲ್ಲಿ ಫೋರ್‌ವೀಲ್ ಹಾಕಿ ನೂರು ಮಾರು ಓಡಿಸುವುದನ್ನು ಮರೆಯಬಾರದು. ಮನೆಯಲ್ಲಿ ಗಾಡಿ ಓಡಿಸಬಲ್ಲವರೆಲ್ಲರೂ ಅದನ್ನು ಕಲಿತಿರಬೇಕು. ಅಕ್ಕನ ಸೊಸೆಗೂ ಇದನ್ನೇ ಹೇಳಿದ್ದೇನೆ. ಗಂಡ ಊರಲ್ಲಿಲ್ಲದ ದಿನವೇ ಹಳ್ಳ ಏರುವುದು.

ಸಾಗರದ ಹತ್ತಿರ ಒಬ್ಬರೇ ಓಡಿಸಿದ 2015ರ ಸ್ಕಾರ್ಪಿಯೊ ಇದೆಯಂತೆ, ಫೋರ್‌ವೀಲ್, ಏರ್‌ಬ್ಯಾಗ್ ಇರುವುದು. ಈ ಭಾನುವಾರ ಅಕ್ಕನ ಮಗ, ಗ್ಯಾರೇಜಿನ ನನ್ನ ವಿದ್ಯಾರ್ಥಿ ಮತ್ತು ನಾನು ಹೋಗುವವರಿದ್ದೇವೆ. "ಎಪ್ಪತ್ತೈದು ದಾಟಿದ ಮೇಲೆ ಗಾಡಿಯ ಅಡಿಗೆ ತೂರ್ತೀರಾ? ಆ ಹುಡುಗ ನೋಡೋದಿಲ್ವೇ?" ಎಂದು ನನ್ನ ಮನೆಯಾಕೆಯ ಆಕ್ಷೇಪಣೆ. ಅವನೂ ನೋಡಲಿ, ನಾನೂ ನೋಡುತ್ತೇನೆ. ಹಳೆಯ ಪ್ಯಾಂಟು, ಟಾರ್ಚು, ಗೋಣಿಚೀಲ ತೆಗೆದಿಟ್ಟಿದ್ದೇನೆ. ಅದು ಸರಿಬಾರದಿದ್ದರೆ ಬೇರೆ ಹುಡುಕಬೇಕು. ನಿಮ್ಮಲ್ಲಿ ಯಾರ ಊರಿನಲ್ಲಾದರೂ ಅಂಥ ಗಾಡಿ ಇರುವುದು ತಿಳಿದಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ.